ಬುರುಡೆ ಬಿಡದ ಬುರುಡೆ

ನಮ್ಮ ಭಾಷೆಯಲ್ಲೊಂದು ವಿಚಿತ್ರವಿದೆ. ಸುಳ್ಳು ಹೇಳುವುದಕ್ಕೆ ‘ಬುರುಡೆ ಬಿಡುವುದು’ ಎನ್ನುತ್ತೇವೆ. ಆದರೆ ನಿಜವಾದ ಬುರುಡೆಯಷ್ಟು ಸತ್ಯವಂತ ವಸ್ತು ಇನ್ನೊಂದಿಲ್ಲ. ಮಾಂಸ, ಚರ್ಮ, ಕೂದಲು, ನಾಲಗೆ ಇರುವವರೆಗೆ ಮನುಷ್ಯ ಏನು ಬೇಕಾದರೂ ಹೇಳಿಯಾನು. ಅವೆಲ್ಲ ಕಳಚಿಬಿದ್ದ ಮೇಲೆ ಉಳಿಯುವ ಎಲುಬಿನ ಗೂಡು ಮಾತ್ರ, ಕೇಳಬೇಕಾದ್ದನ್ನು ಸರಿಯಾಗಿ ಕೇಳಿದರೆ, ಸರಿಯಾಗಿಯೇ ಉತ್ತರ ಕೊಡುತ್ತದೆ. ಕೇಳುವವರ ಪ್ರಶ್ನೆ ತಪ್ಪಾದರೆ ಅದು ಬುರುಡೆಯ ಅಪರಾಧವಲ್ಲ.

ಈ ವಾರ ನಾನು ಹೇಳಹೊರಟಿರುವುದು ಅಂಥ ಒಂದು ಬುರುಡೆಯೇ ನಾಯಕಿಯಾದ ಹಳೆಯ ಸಿನಿಮಾದ ಬಗ್ಗೆ. ಹೆಸರು ‘ಮಿಸ್ಟರಿ ಸ್ಟ್ರೀಟ್’. 1950ರಲ್ಲಿ ಅಮೆರಿಕದ ಎಂಜಿಎಂ ಕಂಪನಿ ತಯಾರಿಸಿದ 93 ನಿಮಿಷಗಳ ಕಪ್ಪು-ಬಿಳುಪು ಚಿತ್ರ. ಹೆಸರಂತೂ ಚಿತ್ರಕ್ಕೆ ಒಪ್ಪುವಂಥದ್ದಲ್ಲ. ಇದರಲ್ಲಿ ರಹಸ್ಯವಿರುವುದು ಬೀದಿಯಲ್ಲಲ್ಲ, ಕಡಲ ತೀರದ ಮರಳಿನಲ್ಲಿ. ಹೆಸರಿಟ್ಟವರು ಚಿತ್ರ ನೋಡಿದ್ದರೋ ಇಲ್ಲವೋ ಎಂಬ ಅನುಮಾನ ನನಗಿದೆ. ನಿರ್ದೇಶಕ ಜಾನ್ ಸ್ಟರ್ಜಸ್ ಮುಂದೆ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (1960), ‘ದಿ ಗ್ರೇಟ್ ಎಸ್ಕೇಪ್’ (1963) ತೆಗೆದು ಜಗತ್ಪ್ರಸಿದ್ಧನಾದ. ಆ ಎರಡು ಚಿತ್ರಗಳನ್ನು ಹತ್ತು ಸಲ ನೋಡಿದವರೂ ಇದರ ಹೆಸರು ಕೇಳಿರುವುದಿಲ್ಲ. ಕಥೆ ಬರೆದ ಲಿಯೊನಾರ್ಡ್ ಸ್ಪೈಗೆಲ್‌ಗಾಸ್‌ಗೆ ಆಸ್ಕರ್ ನಾಮಕರಣ ದೊರೆತದ್ದು ಬಿಟ್ಟರೆ ಚಿತ್ರಕ್ಕೆ ಹೇಳಿಕೊಳ್ಳುವಂಥ ಮರ್ಯಾದೆ ಸಿಗಲಿಲ್ಲ. ಎರಡನೆಯ ದರ್ಜೆಯ ಚಿತ್ರವೆಂದು ತಯಾರಿಸಿ, ಎರಡನೆಯ ದರ್ಜೆಯ ಚಿತ್ರವಾಗಿಯೇ ಬಿಡುಗಡೆ ಮಾಡಿ ಮರೆತುಬಿಟ್ಟರು.

ಕಥೆ ಹೀಗೆ. ಬಾಸ್ಟನ್ ನಗರದ ಬಾರೊಂದರಲ್ಲಿ ಗಿರಾಕಿಗಳನ್ನು ರಂಜಿಸಿ ಹೊಟ್ಟೆ ಹೊರೆಯುವ ವಿವಿಯನ್ ಎಂಬ ಯುವತಿ. ಬಾಡಿಗೆ ಕೊಡಲೂ ಕೈಯಲ್ಲಿ ಕಾಸಿಲ್ಲ. ಅವಳನ್ನು ಬಳಸಿಕೊಂಡ ಶ್ರೀಮಂತನೊಬ್ಬ ಕೇಪ್ ಕಾಡ್ ಎಂಬ ಕಡಲ ಚಾಚಿನಲ್ಲಿರುವವನು, ಹೆಂಡತಿಯುಳ್ಳವನು. ಫೋನು ಮಾಡಿದರೆ ತಪ್ಪಿಸಿಕೊಳ್ಳುತ್ತಾನೆ. ಅವನನ್ನು ಮುಖತಃ ಕಾಣಲೇಬೇಕೆಂದು ಹೊರಡಲು ಅವಳಿಗೊಂದು ಕಾರು ಬೇಕು. ಅದೇ ರಾತ್ರಿ ಅದೇ ಬಾರಿನಲ್ಲಿ ಹೆನ್ರಿ ಷಾನ್‌ವೇ ಎಂಬ ಬಡಪಾಯಿ ಕುಡಿದು ಕೂತಿದ್ದಾನೆ. ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಮಗು ಉಳಿದಿಲ್ಲ. ವಿವಿಯನ್ ಅವನನ್ನೂ ಅವನ ಕಾರನ್ನೂ ಕರೆದುಕೊಂಡು ಹೊರಟು, ನಿರ್ಜನ ರಸ್ತೆಯಲ್ಲಿ ಅವನನ್ನು ಉಪಾಯವಾಗಿ ಇಳಿಸಿ, ಕಾರಿನೊಂದಿಗೆ ಪರಾರಿಯಾಗುತ್ತಾಳೆ. ಕಡಲ ತೀರದಲ್ಲಿ ಕಾದಿದ್ದವನು ಅವಳಿಗೆ ಕೊಡುವುದು ಹಣವಲ್ಲ, ಗುಂಡು. ಹೆಣ ಮರಳಿನಡಿ, ಕಾರು ಕೊಳದಡಿ.

ಇಷ್ಟಾಗಲು ಚಿತ್ರ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ತಿಂಗಳುಗಳು ಉರುಳುತ್ತವೆ. ಹಕ್ಕಿ ನೋಡುವ ಹವ್ಯಾಸದ ಒಬ್ಬಾತ ಕಡಲಂಚಿನಲ್ಲಿ ತಿರುಗುವಾಗ ಮರಳಿನಿಂದ ಹೊರಬಿದ್ದ ಎಲುಬುಗಳನ್ನು ಕಾಣುತ್ತಾನೆ. (ಹಕ್ಕಿ ನೋಡುವವರು ಎಲ್ಲ ದೇಶದಲ್ಲೂ ಹಕ್ಕಿಯನ್ನು ಬಿಟ್ಟು ಉಳಿದುದನ್ನೆಲ್ಲ ಕಾಣುತ್ತಾರೆ!) ಬಟ್ಟೆಯಿಲ್ಲ, ಉಂಗುರವಿಲ್ಲ, ಮುಖವಿಲ್ಲ. ಪೀಟರ್ ಮೊರಾಲೆಸ್ ಎಂಬ ಯುವ ಪೊಲೀಸ್ ಅಧಿಕಾರಿಯ ಕೈಗೆ ಸಿಕ್ಕಿದ್ದು ಒಂದು ಎಲುಬಿನ ಮೂಟೆ, ಅಷ್ಟೇ. ಅವನು ಅದನ್ನು ತೆಗೆದುಕೊಂಡು ಹಾರ್ವರ್ಡ್ ವೈದ್ಯಕೀಯ ಶಾಲೆಯ ನ್ಯಾಯವೈದ್ಯ ವಿಭಾಗಕ್ಕೆ ಹೋಗುತ್ತಾನೆ. ಅಲ್ಲಿ ಡಾಕ್ಟರ್ ಮ್ಯಾಕಡೂ ಇದ್ದಾನೆ. ಸಿನಿಮಾ ನಿಜವಾಗಿ ಶುರುವಾಗುವುದು ಇಲ್ಲಿಂದ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ನನಗೆ ಸಿನಿಮಾದ ವಿಜ್ಞಾನಿಗಳನ್ನು ಕಂಡರೆ ಸಾಮಾನ್ಯವಾಗಿ ಮೈ ಉರಿಯುತ್ತದೆ. ಕೆದರಿದ ತಲೆ, ಬಣ್ಣ ಬಣ್ಣದ ನೀರು ಕುದಿಯುವ ಗಾಜಿನ ಬುಂಡೆಗಳು, ನಡುವೆ ಒಂದು ಅಟ್ಟಹಾಸ. ಮ್ಯಾಕಡೂ ಅಂಥವನಲ್ಲ. ಮೇಜಿನ ಮೇಲೆ ಎಲುಬುಗಳನ್ನು ಅವುಗಳ ಜಾಗದಲ್ಲಿ ಜೋಡಿಸಿ, ನೋಡಿ, ಅಳೆದು, ಗೊತ್ತಾದದ್ದನ್ನು ಗೊತ್ತಾಯಿತು ಎನ್ನುತ್ತಾನೆ. ಗೊತ್ತಾಗದ್ದನ್ನು ಗೊತ್ತಿಲ್ಲ ಎನ್ನುತ್ತಾನೆ. ಇದು ಹೆಣ್ಣು, ವಯಸ್ಸು ಇಷ್ಟಿರಬಹುದು, ಎತ್ತರ ಇಷ್ಟಿರಬಹುದು ಎಂದು ಅವನು ಹೇಳುತ್ತ ಹೋದಂತೆ ಮೊರಾಲೆಸ್‌ನ ಮುಖದಲ್ಲಿ ಮೂಡುವ ಬೆರಗಿದೆಯಲ್ಲ, ಅದು ಎಂಟನೇ ತರಗತಿಯ ಹುಡುಗ ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಪೊರೆ ಕಂಡಾಗಿನ ಬೆರಗು.

ಇದೆಲ್ಲ ಹೇಗೆ ಗೊತ್ತಾಗುತ್ತದೆ ಎಂದು ನೀವು ಕೇಳಬಹುದು. ಮಂತ್ರವೇನಲ್ಲ. ನಿಮ್ಮ ಬಲಗೈಯನ್ನು ಮುಂದೆ ಹಿಡಿಯಿರಿ. ತೋರುಬೆರಳು ಮತ್ತು ನಡುಬೆರಳನ್ನು ಕತ್ತರಿಯಂತೆ ಅಗಲಿಸಿದರೆ ಉಂಟಾಗುವ ಕೋನ ಗಂಡಸಿನ ಸೊಂಟದ ಮುಂಭಾಗದ ಎಲುಬುಗಳ ಕೆಳಗಿನ ಕೋನಕ್ಕೆ ಸಮೀಪ. ಹೆಬ್ಬೆರಳು ಮತ್ತು ತೋರುಬೆರಳನ್ನು ಅಗಲಿಸಿದರೆ ಉಂಟಾಗುವ ದೊಡ್ಡ ಕೋನ ಹೆಂಗಸಿನದು. ಮಗು ಹೊರಬರಲು ದಾರಿ ಬೇಕಲ್ಲ! ಇನ್ನು ವಯಸ್ಸು. ಎಳೆಯರಲ್ಲಿ ಉದ್ದ ಎಲುಬುಗಳ ತುದಿಗಳು ಬೇರೆ ತುಂಡುಗಳಾಗಿದ್ದು, ನಡುವೆ ಮೃದ್ವಸ್ಥಿಯ ಪದರವಿರುತ್ತದೆ. ಬೆಳವಣಿಗೆ ಮುಗಿದಂತೆ ಒಂದೊಂದೇ ಕಡೆ ಬೆಸೆದುಕೊಳ್ಳುತ್ತದೆ. ಎಲ್ಲಕ್ಕಿಂತ ತಡವಾಗಿ ಬೆಸೆಯುವುದು ಎದೆಯ ಮೂಳೆಯ ಕಡೆಗಿರುವ ಕೊರಳೆಲುಬಿನ ತುದಿ. ಇಪ್ಪತ್ತರ ಆಚೀಚೆ ಕೂಡಲು ತೊಡಗಿ ಮೂವತ್ತರೊಳಗೆ ಮುಗಿಯುತ್ತದೆ. ಅಂದರೆ ಮದುವೆ, ಮಕ್ಕಳು, ಸಾಲ ಎಲ್ಲ ಆದ ಮೇಲೂ ನಮ್ಮ ದೇಹದಲ್ಲಿ ಒಂದು ಎಲುಬು ‘ನಾನಿನ್ನೂ ದೊಡ್ಡವನಾಗಿಲ್ಲ’ ಎನ್ನುತ್ತಿರುತ್ತದೆ.

ಎತ್ತರಕ್ಕೆ ತೊಡೆಯೆಲುಬು ಸಾಕು. ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ವಿಜ್ಞಾನಿ ಎರಡನೆಯ ಮಹಾಯುದ್ಧದಲ್ಲಿ ಮಡಿದ ಅಮೆರಿಕನ್ ಸೈನಿಕರ ಎಲುಬುಗಳನ್ನು ಹವಾಯಿಯಲ್ಲಿ ಕುಳಿತು ಅಳೆದರು. ಸಾಯುವ ಮೊದಲಿನ ಅವರ ಎತ್ತರ ಸೈನ್ಯದ ದಾಖಲೆಯಲ್ಲಿ ಇತ್ತು. ಹೆಂಗಸರ ಅಳತೆಗಳನ್ನು ಬೇರೆ ಸಂಗ್ರಹದಿಂದ ತೆಗೆದುಕೊಂಡು, ಗೋಲ್ಡೀನ್ ಗ್ಲೇಸರ್ ಜೊತೆಗೂಡಿ 1952ರಲ್ಲಿ, ಅಂದರೆ ಈ ಚಿತ್ರ ಬಂದ ಎರಡು ವರ್ಷಕ್ಕೆ, ಸೂತ್ರಗಳನ್ನು ಪ್ರಕಟಿಸಿದರು. ಬಿಳಿಯ ಹೆಂಗಸರಿಗೆ ಆ ಸೂತ್ರ: ತೊಡೆಯೆಲುಬಿನ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದು 2.47ರಿಂದ ಗುಣಿಸಿ 54.10 ಕೂಡಿ. ಎಲುಬು 43 ಸೆಂ.ಮೀ. ಇದ್ದರೆ ಆಕೆಯ ಎತ್ತರ 160 ಸೆಂ.ಮೀ. ಚಿಲ್ಲರೆ. ಆದರೆ ಸೂತ್ರದ ಬಾಲದಲ್ಲೇ ಇನ್ನೊಂದು ಸಂಖ್ಯೆ ಇದೆ: ಹೆಚ್ಚು ಕಡಿಮೆ 3.72 ಸೆಂ.ಮೀ. ನನ್ನ ಮಟ್ಟಿಗೆ ಇಡೀ ಸೂತ್ರದಲ್ಲಿ ಅತಿ ಪ್ರಾಮಾಣಿಕವಾದ ಅಂಕಿ ಅದೇ. ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಬಿಟ್ಟುಬಿಡುವುದೂ ಅದನ್ನೇ! ಅಮೆರಿಕನ್ನರ ಈ ಸೂತ್ರವನ್ನು ನಮ್ಮವರಿಗೆ ಹಾಗೆಯೇ ಹಚ್ಚುವಂತಿಲ್ಲ ಎಂಬುದನ್ನೂ ಸೇರಿಸಿಬಿಡುತ್ತೇನೆ.

ಚಿತ್ರದಲ್ಲಿ ನನ್ನನ್ನು ಅಲ್ಲಾಡಿಸಿದ ಕ್ಷಣ ಇದ್ಯಾವುದೂ ಅಲ್ಲ. ಎಲುಬುಗಳ ನಡುವೆ ಮ್ಯಾಕಡೂಗೆ ಇನ್ನೂ ಹುಟ್ಟದಿದ್ದ ಮಗುವಿನ ಪುಟ್ಟ ಎಲುಬುಗಳು ಸಿಗುತ್ತವೆ. ಯಾರೂ ಕಣ್ಣೀರು ಸುರಿಸುವುದಿಲ್ಲ, ಪಿಟೀಲು ಕೊಯ್ಯುವುದಿಲ್ಲ. ಆದರೆ ಆ ಗಳಿಗೆಯಿಂದ ಮೂಟೆಯಲ್ಲಿದ್ದದ್ದು ‘ಸಾಕ್ಷ್ಯ’ವಾಗಿ ಉಳಿಯುವುದಿಲ್ಲ, ಒಬ್ಬ ಹೆಂಗಸಾಗುತ್ತದೆ. ಕೊಲೆಗೆ ಕಾರಣವೇನಿದ್ದೀತು ಎಂಬುದೂ ಅಲ್ಲೇ ಹೊಳೆಯುತ್ತದೆ. ನೆನಪಿಸಿಕೊಳ್ಳಿ, ಅತ್ತ ಹೆನ್ರಿಯ ಹೆಂಡತಿಯೂ ಮಗು ಕಳೆದುಕೊಂಡವಳೇ. ಒಂದೇ ರಾತ್ರಿ, ಒಂದೇ ಕಾರಿನ ಸುತ್ತ, ತೊಟ್ಟಿಲಿಗೆ ಬಾರದ ಎರಡು ಕೂಸುಗಳು. ಚಿತ್ರಕಥೆ ಬರೆದ ಸಿಡ್ನಿ ಬೋಮ್ ಮತ್ತು ರಿಚರ್ಡ್ ಬ್ರೂಕ್ಸ್ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗಿದ್ದಾರೆ. ಬೆರಳು ಮಾಡಿ ತೋರಿಸುವುದಿಲ್ಲ.

ಹೆಣ್ಣೆಂದು ತಿಳಿಯಿತು. ಯಾವ ಹೆಣ್ಣು? ಕಾಣೆಯಾದ ಹೆಂಗಸರ ಫೋಟೋಗಳನ್ನು ಪೊಲೀಸರು ತರಿಸುತ್ತಾರೆ. ಕತ್ತಲ ಕೋಣೆಯಲ್ಲಿ ಬುರುಡೆಯ ಚಿತ್ರದ ಮೇಲೆ ಒಂದೊಂದೇ ಮುಖವನ್ನು ಬೆಳಕಿನಿಂದ ಬೀಳಿಸಿ ನೋಡುತ್ತಾರೆ. ನಗುವ ಮುಖಗಳು, ಮೇಕಪ್ಪಿನ ಮುಖಗಳು, ಶಾಲೆಯ ಗ್ರೂಪ್ ಫೋಟೋದಲ್ಲಿ ನಿಂತಂಥ ಮುಖಗಳು. ಇದರ ಕಣ್ಣಿನ ಗುಳಿ ಹೊಂದುವುದಿಲ್ಲ, ಅದರ ಗಲ್ಲ ಹೊಂದುವುದಿಲ್ಲ. ಕೊನೆಗೊಂದು ಮುಖ ಬರುತ್ತದೆ. ಕಣ್ಣು ಕಣ್ಣಿನ ಗುಳಿಯಲ್ಲಿ ಕೂರುತ್ತದೆ, ಮೂಗು ಮೂಗಿನ ಜಾಗದಲ್ಲಿ, ಹಲ್ಲಿನ ಸಾಲು ತುಟಿಯ ಹಿಂದೆ. ಚಿತ್ರದ ಆರಂಭದಲ್ಲಿ ಬಾಡಿಗೆಗಾಗಿ ಗೋಗರೆಯುತ್ತಿದ್ದ ಆ ಹುಡುಗಿ ಸತ್ತ ಮೇಲೆ ಮತ್ತೊಮ್ಮೆ ಮುಖ ಪಡೆಯುತ್ತಾಳೆ. ಭೂತದ ಸಿನಿಮಾಗಳಲ್ಲಿ ಎಷ್ಟೋ ಬುರುಡೆಗಳನ್ನು ನೋಡಿದ್ದೇನೆ. ಮೈ ಜುಮ್ಮೆಂದದ್ದು ಇಲ್ಲಿ.

ಈ ತಂತ್ರ ಕಥೆಗಾರನ ಕಲ್ಪನೆಯಲ್ಲ. ಇದರ ಹಿಂದೆ ನಿಜವಾದ ಒಂದು ಘೋರ ಪ್ರಕರಣವಿದೆ, ಮತ್ತು ಅದಕ್ಕೆ ನಮ್ಮ ದೇಶದ ನಂಟೂ ಇದೆ. 1899ರಲ್ಲಿ ಮುಂಬಯಿಯ ಪಾರಸಿ ಮನೆತನದಲ್ಲಿ ಹುಟ್ಟಿದ ಬಖ್ತಿಯಾರ್ ರುಸ್ತುಮ್‌ಜಿ ರತನ್‌ಜಿ ಹಕೀಮ್ ಎಂಬಾತ ವೈದ್ಯನಾಗಿ ಇಂಗ್ಲೆಂಡಿಗೆ ಹೋಗಿ, ಬಕ್ ರಕ್ಸ್‌ಟನ್ ಎಂದು ಹೆಸರು ಬದಲಿಸಿಕೊಂಡು ಲ್ಯಾಂಕಾಸ್ಟರಿನಲ್ಲಿ ಒಳ್ಳೆಯ ಡಾಕ್ಟರೆನಿಸಿಕೊಂಡಿದ್ದ. 1935ರ ಸೆಪ್ಟೆಂಬರಿನಲ್ಲಿ ಅವನ ಮನೆಯಿಂದ ಹೆಂಡತಿಯೂ ಕೆಲಸದ ಹುಡುಗಿಯೂ ಒಟ್ಟಿಗೆ ಕಾಣೆಯಾದರು. ಅದೇ ತಿಂಗಳ 29ರಂದು ಸ್ಕಾಟ್ಲೆಂಡಿನ ಮಾಫೆಟ್ ಬಳಿಯ ಕಣಿವೆಯೊಂದರಲ್ಲಿ ಎರಡು ದೇಹಗಳ ತುಂಡುಗಳು ಸಿಕ್ಕವು. ಗುರುತು ಹಿಡಿಯಬಹುದಾದ ಭಾಗಗಳನ್ನೆಲ್ಲ ತಿಳಿದವನೊಬ್ಬ ಬೇಕೆಂದೇ ತೆಗೆದುಹಾಕಿದ್ದ. ಆದರೆ ಸುತ್ತಿದ್ದ ಕಾಗದಗಳಲ್ಲಿ ‘ಸಂಡೇ ಗ್ರಾಫಿಕ್’ ಪತ್ರಿಕೆಯ ಸೆಪ್ಟೆಂಬರ್ 15ರ ಒಂದು ವಿಶೇಷ ಆವೃತ್ತಿಯ ಹಾಳೆ ಇತ್ತು. ಆ ಆವೃತ್ತಿ ಮಾರಾಟವಾಗಿದ್ದು ಲ್ಯಾಂಕಾಸ್ಟರ್ ಸುತ್ತಮುತ್ತ ಮಾತ್ರ! ಹುಳುಗಳ ಬೆಳವಣಿಗೆ ನೋಡಿ ದೇಹಗಳು ಅಲ್ಲಿ ಬಿದ್ದು ಸುಮಾರು ಎರಡು ವಾರವಾಗಿದೆ ಎಂದು ಗ್ಲಾಸ್ಗೋದ ಅಲೆಕ್ಸಾಂಡರ್ ಮರ್ನ್ಸ್ ಲೆಕ್ಕ ಹಾಕಿದರು. ಪತ್ರಿಕೆಗಳಿಂದ ಕಡಲೆಕಾಯಿ ಕಟ್ಟಲು ಮಾತ್ರ ಪ್ರಯೋಜನ ಎನ್ನುವವರು ಇದನ್ನು ಗಮನಿಸಬೇಕು.

ಗ್ಲಾಸ್ಗೋದ ಜಾನ್ ಗ್ಲೇಸ್ಟರ್ ಮತ್ತು ಎಡಿನ್‌ಬರೋದ ಅಂಗರಚನಾ ಪ್ರಾಧ್ಯಾಪಕ ಜೇಮ್ಸ್ ಬ್ರಾಷ್ ಎರಡು ದೇಹಗಳನ್ನೂ ಬೇರ್ಪಡಿಸಿ ಜೋಡಿಸಿದರು. ಆಮೇಲೆ ಬ್ರಾಷ್ ಮಾಡಿದ ಕೆಲಸವೇ ನಮ್ಮ ಚಿತ್ರದ ಕತ್ತಲ ಕೋಣೆಯ ಮೂಲ. ಫೋಟೋವನ್ನು ಬುರುಡೆಯ ಚಿತ್ರದ ಮೇಲಿಡಬೇಕು ಸರಿ, ಎಷ್ಟು ದೊಡ್ಡದು ಮಾಡಿ ಇಡಬೇಕು? ದೊಡ್ಡದು-ಚಿಕ್ಕದು ಮಾಡುತ್ತ ಹೋದರೆ ಯಾರ ಮುಖವನ್ನು ಯಾರ ಬುರುಡೆಗೆ ಬೇಕಾದರೂ ಕೂರಿಸಬಹುದಲ್ಲ? ರಕ್ಸ್‌ಟನ್ನನ ಹೆಂಡತಿಯ ಒಂದು ಫೋಟೋದಲ್ಲಿ ಆಕೆ ತಲೆಗೆ ಹರಳಿನ ಕಿರೀಟದಂಥ ಆಭರಣ ತೊಟ್ಟಿದ್ದಳು. ಆ ಆಭರಣ ಸಿಕ್ಕಿತು. ಅದನ್ನು ಅಳೆದರು, ಫೋಟೋದಲ್ಲಿ ಅದು ಎಷ್ಟಿದೆ ನೋಡಿದರು, ಅನುಪಾತ ತಿಳಿಯಿತು. ಈಗ ಮುಖವನ್ನು ನಿಜವಾದ ಗಾತ್ರಕ್ಕೆ ಹಿಗ್ಗಿಸಬಹುದು. ಹತ್ತನೇ ತರಗತಿಯ ‘ವರ್ಧನೆ’ ಪಾಠ! ‘ಸರ್, ಇದರಿಂದ ಜೀವನದಲ್ಲಿ ಏನು ಉಪಯೋಗ’ ಎಂದು ಹಿಂದಿನ ಬೆಂಚಿನಿಂದ ಪ್ರತಿವರ್ಷ ಬರುವ ಪ್ರಶ್ನೆಗೆ ನಾನು ಈಗ ಈ ಕಥೆ ಹೇಳುತ್ತೇನೆ. ತಲೆ ಎಷ್ಟು ವಾಲಿದೆ, ಕ್ಯಾಮೆರಾ ಎಷ್ಟು ದೂರವಿತ್ತು ಎಂಬುದೂ ಮುಖ್ಯ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂಗು ದಪ್ಪ, ಕಿವಿ ಚಿಕ್ಕದು. ದೂರದಿಂದ ತೆಗೆದರೆ ಎರಡೂ ತಮ್ಮ ತಮ್ಮ ಯೋಗ್ಯತೆಗೆ ಬರುತ್ತವೆ. ಎರಡು ಬುರುಡೆ, ಇಬ್ಬರು ಹೆಂಗಸರ ಫೋಟೋ. ಒಂದು ಒಂದಕ್ಕೆ ಹೊಂದಿತು, ಇನ್ನೊಂದಕ್ಕೆ ಹೊಂದಲಿಲ್ಲ. 1936ರ ಮೇ 12ರಂದು ರಕ್ಸ್‌ಟನ್ನನಿಗೆ ಮ್ಯಾಂಚೆಸ್ಟರಿನಲ್ಲಿ ಗಲ್ಲಾಯಿತು.

ಇನ್ನು ಹಾರ್ವರ್ಡಿನ ಆ ವಿಭಾಗದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅದರ ಹಿಂದೆ ಇದ್ದದ್ದು ಡಾಕ್ಟರಲ್ಲ, ಪೊಲೀಸನಲ್ಲ, ಕಾಲೇಜಿನ ಮೆಟ್ಟಿಲನ್ನೂ ಹತ್ತದ ಒಬ್ಬ ಅಜ್ಜಿ! ಫ್ರಾನ್ಸಿಸ್ ಗ್ಲೆಸ್ನರ್ ಲೀ, ಹುಟ್ಟಿದ್ದು 1878ರಲ್ಲಿ, ಶಿಕಾಗೋದಲ್ಲಿ. ಕೃಷಿ ಯಂತ್ರಗಳಿಂದ ಕೋಟ್ಯಧೀಶನಾದವನ ಮಗಳು. ಅಣ್ಣ ಹಾರ್ವರ್ಡಿಗೆ ಹೋದ. ಈಕೆಗೆ ಕಲಿಯಲು ಬಿಡಲಿಲ್ಲ. ಅಣ್ಣನ ಸಹಪಾಠಿ ಜಾರ್ಜ್ ಮಗ್ರಾತ್ ಬಾಸ್ಟನ್ನಿನಲ್ಲಿ ಶವಪರೀಕ್ಷೆಯ ಅಧಿಕಾರಿಯಾಗಿದ್ದವನು. ಅವನು ಹೇಳುತ್ತಿದ್ದ ಪ್ರಕರಣಗಳನ್ನು ಕೇಳಿ ಕೇಳಿ ಈಕೆಗೆ ಹುಚ್ಚು ಹಿಡಿಯಿತು. ಐವತ್ತು ದಾಟಿದ ಮೇಲೆ, 1931ರಲ್ಲಿ ಹಾರ್ವರ್ಡಿಗೆ ಹಣ ಕೊಟ್ಟು ನ್ಯಾಯವೈದ್ಯ ಪೀಠ ಸ್ಥಾಪಿಸಲು ನೆರವಾದಳು. 1936ರಲ್ಲಿ ಎರಡೂವರೆ ಲಕ್ಷ ಡಾಲರ್ ಕೊಟ್ಟಳು. 1943ರಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪೊಲೀಸರು ಆಕೆಯನ್ನು ಕ್ಯಾಪ್ಟನ್ ಮಾಡಿದರು.

ಆಕೆಯ ದೊಡ್ಡ ಸಾಧನೆ ಎಂದರೆ ಗೊಂಬೆಮನೆಗಳು. ನಗಬೇಡಿ. ಸಾವಿನ ಸ್ಥಳವನ್ನು ಹೇಗೆ ನೋಡಬೇಕೆಂದು ಪೊಲೀಸರಿಗೆ ಕಲಿಸಲು, ನಿಜವಾದ ಪ್ರಕರಣಗಳನ್ನು ಆಧರಿಸಿ, ಒಂದು ಅಡಿಗೆ ಒಂದು ಅಂಗುಲದ ಅಳತೆಯಲ್ಲಿ ಕೋಣೆಗಳನ್ನು ಕಟ್ಟಿಸಿದಳು. ಬಾಗಿಲು ತೆರೆಯುತ್ತದೆ, ಕಿಟಕಿ ಮುಚ್ಚುತ್ತದೆ, ಗೋಡೆಯ ಮೇಲೆ ಕ್ಯಾಲೆಂಡರ್, ಒಲೆಯ ಮೇಲೆ ಪಾತ್ರೆ. ಗೊಂಬೆಯ ಕಾಲಿನ ಚೀಲವನ್ನು ಸೂಜಿಯಷ್ಟು ಸಣ್ಣ ಕಡ್ಡಿಗಳಿಂದ ತಾನೇ ಹೆಣೆದಳು. 1945ರಿಂದ ಶಿಬಿರಗಳಲ್ಲಿ ಪೊಲೀಸರನ್ನು ಇವುಗಳ ಮುಂದೆ ನಿಲ್ಲಿಸಿ, ನೋಡಿ ಹೇಳಿ ಎನ್ನುತ್ತಿದ್ದಳು. ನಮ್ಮ ಮನೆಗಳಲ್ಲಿ ದಸರಾ ಬೊಂಬೆ ಕೂರಿಸುವ ಹೆಂಗಸರ ಕೈಯ ನಯವೇ ಅದು; ಕೂರಿಸಿದ್ದು ಮಾತ್ರ ಕೊಲೆ, ಆತ್ಮಹತ್ಯೆ, ಅಪಘಾತ. ಗಮನಿಸಬೇಕಾದ್ದು ಇದು: ಆ ಕೋಣೆಗಳು ಹೆಚ್ಚಾಗಿ ಸಿರಿವಂತರವಲ್ಲ. ಅಗ್ಗದ ಬಾಡಿಗೆ ಕೋಣೆ, ಬಡವರ ಅಡುಗೆಮನೆ. ಸತ್ತವರಲ್ಲಿ ಹೆಂಗಸರೇ ಹೆಚ್ಚು. ಯಾರ ಸಾವನ್ನು ಪೊಲೀಸರು ‘ಏನೋ ಆಯಿತು ಬಿಡು’ ಎಂದು ಕಟ್ಟಿಡುತ್ತಾರೋ ಅವರ ಸಾವು. ನಮ್ಮ ವಿವಿಯನ್ ಆ ಗೊಂಬೆಮನೆಯೊಂದರಿಂದ ಎದ್ದುಬಂದವಳಂತೆಯೇ ಇದ್ದಾಳೆ.

ಇಷ್ಟು ಹೊತ್ತು ವಿಜ್ಞಾನದ ಗುಣಗಾನವಾಯಿತು. ಈಗ ಚಿತ್ರದ ಮುಳ್ಳಿಗೆ ಬರುತ್ತೇನೆ. ಬುರುಡೆ ಯಾರದೆಂದು ತಿಳಿದೊಡನೆ ಮೊರಾಲೆಸ್ ಮುಂದೆ ಓಡುತ್ತಾನೆ. ಅವಳು ಕೊನೆಯ ಸಲ ಕಂಡದ್ದು ಯಾರ ಜೊತೆ? ಹೆನ್ರಿಯ ಜೊತೆ. ಕಾರು ಯಾರದು? ಹೆನ್ರಿಯದು. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ತಾನು ಬಾರಿನಲ್ಲಿ ಇನ್ನೊಬ್ಬಳ ಜೊತೆ ಕೂತಿದ್ದೆನೆಂದು ಹೇಳಲು ನಾಚಿ, ಕಾರು ಆಸ್ಪತ್ರೆಯ ಹೊರಗಿನಿಂದ ಕಳುವಾಯಿತೆಂದು ಅವನು ಸುಳ್ಳು ಹೇಳಿದ್ದ. ಆ ಸುಳ್ಳೀಗ ಹಾವಾಗಿ ಕೊರಳಿಗೆ ಸುತ್ತಿಕೊಳ್ಳುತ್ತದೆ. ಬಾರಿನಲ್ಲಿ ನೋಡಿದವರು ಬೆರಳು ತೋರಿಸುತ್ತಾರೆ. ಹೆನ್ರಿ ಜೈಲಿಗೆ. ಅವನು ಕೊಂದಿಲ್ಲವೆಂದು ನಮಗೆ ಗೊತ್ತು, ಏಕೆಂದರೆ ಅವನು ರಸ್ತೆಯಲ್ಲಿ ಒಂಟಿಯಾಗಿ ನಿಂತದ್ದನ್ನು ನಾವೇ ನೋಡಿದ್ದೇವೆ. ಪೊಲೀಸರು ನೋಡಿಲ್ಲ. ಪರದೆಯ ಮುಂದೆ ಕುಳಿತು ನಾವು ಕೈ ಹಿಸುಕಿಕೊಳ್ಳಬೇಕು.

ಮೊರಾಲೆಸ್ ದುಷ್ಟನಲ್ಲ ಎಂಬುದೇ ಇಲ್ಲಿನ ವಿಶೇಷ. ಬುದ್ಧಿವಂತ, ಶ್ರಮಜೀವಿ, ಸಭ್ಯ. ಆದರೆ ಪ್ರಯೋಗಶಾಲೆ ಅವನಿಗೆ ಕೊಟ್ಟ ಉತ್ತರದ ಖಚಿತತೆಯನ್ನು ಅವನು ತನ್ನ ಊಹೆಗೂ ಸಾಲ ತಂದುಕೊಳ್ಳುತ್ತಾನೆ. ಬುರುಡೆ ಹೇಳಿದ್ದು ‘ನಾನು ವಿವಿಯನ್’ ಎಂದು ಮಾತ್ರ. ‘ನನ್ನನ್ನು ಹೆನ್ರಿ ಕೊಂದ’ ಎಂದು ಅದು ಹೇಳಲಿಲ್ಲ. ಹೆನ್ರಿಯ ಹೆಂಡತಿ ಗ್ರೇಸ್, ಮೊದಲೇ ಮಗು ಕಳೆದುಕೊಂಡವಳು, ಈಗ ಗಂಡನನ್ನೂ ಕಳೆದುಕೊಳ್ಳುವ ಹೊತ್ತಿಗೆ ಮೊರಾಲೆಸ್‌ನ ಎದುರು ನಿಲ್ಲುತ್ತಾಳೆ. ಸ್ಯಾಲಿ ಫಾರೆಸ್ಟ್ ಅದನ್ನು ಎಷ್ಟು ಸಣ್ಣ ದನಿಯಲ್ಲಿ ಅಭಿನಯಿಸಿದ್ದಾಳೆಂದರೆ, ಕೂಗಾಡಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಕಟ್ಟಿದ ಗಂಟನ್ನು ಬಿಡಿಸುವುದೂ ಮತ್ತೆ ಪ್ರಯೋಗಶಾಲೆಯೇ. ಮ್ಯಾಕಡೂ ಎಲುಬುಗಳನ್ನು ಇನ್ನೊಮ್ಮೆ ನೋಡಿ, ಪಕ್ಕೆಲುಬಿನ ಗಾಯ ಗುಂಡಿನದು ಎಂದು ಕಂಡುಕೊಳ್ಳುತ್ತಾನೆ. ಹಾಗಾದರೆ ಗುಂಡೆಲ್ಲಿ? ಕೊಳದಿಂದ ಎತ್ತಿದ ಕಾರಿನಲ್ಲಿ. ಗುಂಡಿದ್ದರೆ ಪಿಸ್ತೂಲಿರಬೇಕು, ಪಿಸ್ತೂಲು ಯಾರದು? ‘ಇನ್ನೊಮ್ಮೆ ನೋಡಿ’ ಎಂಬುದು ಸಿನಿಮಾಗಳಲ್ಲಿ ಅಪರೂಪ. ವಿಜ್ಞಾನಿ ಸಿನಿಮಾದಲ್ಲಿ ಒಂದೇ ಸಲ ನೋಡುತ್ತಾನೆ, ಚಿಟಿಕೆ ಹೊಡೆಯುತ್ತಾನೆ. 2000ದಲ್ಲಿ ಅಮೆರಿಕದಲ್ಲಿ ಶುರುವಾದ ‘ಸಿಎಸ್‌ಐ’ ಧಾರಾವಾಹಿಯಂಥವುಗಳಲ್ಲಿ ಕಾಫಿ ಆರುವುದರೊಳಗೆ ಫಲಿತಾಂಶ ಬರುತ್ತದೆ. ಅದಕ್ಕೆ ಅರ್ಧ ಶತಮಾನ ಮೊದಲೇ ಬಂದ ಈ ಚಿತ್ರದಲ್ಲಿ ಮನುಷ್ಯರು ಕಾಯುತ್ತಾರೆ, ಕಾಗದ ತಿರುವುತ್ತಾರೆ, ಹಳೆಯ ತೀರ್ಮಾನಕ್ಕೆ ಹಿಂದಿರುಗುತ್ತಾರೆ.

ಬುರುಡೆ-ಫೋಟೋ ಹೊಂದಿಕೆಯ ವಿಷಯದಲ್ಲೇ ಒಂದು ಮಾತು. ಹೊಂದದಿದ್ದರೆ ‘ಇದು ಅವಳಲ್ಲ’ ಎಂದು ಧೈರ್ಯವಾಗಿ ಹೇಳಬಹುದು. ಹೊಂದಿದರೆ ‘ಅವಳಿರಬಹುದು’ ಎನ್ನಬಹುದು, ಅಷ್ಟೇ. ಅದೇ ಅಚ್ಚಿನ ಮುಖದವರು ಇನ್ನೊಬ್ಬರಿರಬಹುದಲ್ಲ. ನಮ್ಮ ಸುಪ್ರೀಂ ಕೋರ್ಟು 1963ರಲ್ಲಿ ಪಶ್ಚಿಮ ಬಂಗಾಳದ ಒಂದು ಕೊಲೆ ಮೊಕದ್ದಮೆಯಲ್ಲಿ ಇಂಥ ಮೇಲುಹೊದಿಕೆಯ ಫೋಟೋವನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಹೇಳಿತು. ಪರಿಗಣಿಸಬಹುದು ಎಂಬುದಕ್ಕೂ ಅದೊಂದೇ ಸಾಕು ಎಂಬುದಕ್ಕೂ ಅಜಗಜಾಂತರ. ಮುಂದೆ 1984ರಲ್ಲಿ ಲೆಸ್ಟರಿನ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚಿನ ವಿಧಾನ ಕಂಡುಹಿಡಿದಾಗ ಈ ಅನುಮಾನಗಳು ಬಹಳಷ್ಟು ಕಡಿಮೆಯಾದವು. ಆ ವಿಧಾನವನ್ನು ಕೊಲೆ ತನಿಖೆಯಲ್ಲಿ ಮೊದಲು ಬಳಸಿದ್ದು 1986ರಲ್ಲಿ. ಅದರ ಮೊದಲ ಫಲ ಏನು ಗೊತ್ತೆ? ಪೊಲೀಸರ ಮುಂದೆ ತಪ್ಪೊಪ್ಪಿಕೊಂಡುಬಿಟ್ಟಿದ್ದ 17 ವರ್ಷದ ಹುಡುಗನೊಬ್ಬ ನಿರಪರಾಧಿಯೆಂದು ಸಿದ್ಧವಾದದ್ದು. ನಿಜವಾದ ಕೊಲೆಗಾರ ಸಿಕ್ಕಿದ್ದು ಆಮೇಲೆ. ಆ ಹುಡುಗನ ಸುದ್ದಿ ಓದಿದಾಗಲೆಲ್ಲ ನನಗೆ ಹೆನ್ರಿ ಷಾನ್‌ವೇ ನೆನಪಾಗುತ್ತಾನೆ.

ಮೊರಾಲೆಸ್‌ನ ಪಾತ್ರ ಮಾಡಿದ ರಿಕಾರ್ಡೊ ಮೊಂಟಲ್ಬಾನ್ ಮೆಕ್ಸಿಕೋದಲ್ಲಿ ಹುಟ್ಟಿದವನು. ಆ ಕಾಲದ ಹಾಲಿವುಡ್ಡಿನಲ್ಲಿ ಅಂಥವರಿಗೆ ಸಿಗುತ್ತಿದ್ದದ್ದು ಗಿಟಾರು ಹಿಡಿದು ಹಾಡುವ, ಇಲ್ಲವೇ ಗುಂಡು ತಿಂದು ಬೀಳುವ ಪಾತ್ರ. ಇಲ್ಲಿ ಅವನೇ ಕಾನೂನು. ಹಳೆಯ ಮನೆತನದ ಆ ಶ್ರೀಮಂತ ಹಾರ್ಕ್ಲಿ ತನ್ನ ವಂಶದ ಹಿರಿಮೆ ಹೇಳಿಕೊಂಡು, ನಿನ್ನ ಮಾತಿನ ಧಾಟಿ ನೋಡಿದರೆ ನೀನು ಇಲ್ಲಿಯವನಲ್ಲ ಎಂಬರ್ಥದಲ್ಲಿ ಚುಚ್ಚುವ ದೃಶ್ಯವಿದೆ. ಮೊರಾಲೆಸ್ ಉತ್ತರ ಕೊಡುವುದು ಬಹಳ ಮೆಲ್ಲಗೆ. ವಂಶ ಹೇಳಿಕೊಳ್ಳುವವನು ತನ್ನದೇ ಕುಡಿಯನ್ನು ತಾಯಿಯೊಂದಿಗೆ ಮರಳಿನಲ್ಲಿ ಹೂತುಬಂದವನು ಎಂಬುದು ನೆನಪಿದ್ದರೆ ಆ ಸಂಭಾಷಣೆಗೆ ಬೇರೆಯೇ ಖಾರ ಬರುತ್ತದೆ. ಮೊಂಟಲ್ಬಾನ್ ಮುಂದೆ 1982ರ ‘ಸ್ಟಾರ್ ಟ್ರೆಕ್’ ಚಿತ್ರದ ಖಾನ್ ಆಗಿ ಲೋಕಕ್ಕೆಲ್ಲ ಪರಿಚಿತನಾದ. ಆದರೆ ಅವನ ಒಳ್ಳೆಯ ಅಭಿನಯ ಇಲ್ಲಿದೆ ಎಂಬುದು ನನ್ನ ಹಟ.

ಮನೆಯೊಡತಿ ಶ್ರೀಮತಿ ಸ್ಮರ್ಲಿಂಗ್ ಬಗ್ಗೆ ಒಂದು ಪ್ಯಾರಾ ಬರೆಯದಿದ್ದರೆ ಪಾಪ ಬಂದೀತು. 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಕೂದಲು ನೆಟ್ಟಗೆ ನಿಂತ ವಧುವಾಗಿದ್ದ ಎಲ್ಸಾ ಲಾಂಚೆಸ್ಟರ್ ಇಲ್ಲಿ ಮರ್ಯಾದಸ್ತೆಯಂತೆ ತುಟಿ ಬಿಗಿದು ಮಾತಾಡುವ, ಪಂಜರದ ಹಕ್ಕಿ ಸಾಕಿದ, ಕಾಸಿಗೆ ಬಾಯಿ ಬಿಡುವ ಹೆಂಗಸು. ಬಾಡಿಗೆದಾರಳು ಸತ್ತಳೆಂದು ತಿಳಿದಾಗ ಅವಳಿಗೆ ಹೊಳೆಯುವುದು ಅದರಿಂದ ಎಷ್ಟು ಹುಟ್ಟೀತೆಂಬ ಲೆಕ್ಕ. ಪೊಲೀಸರಿಗಿಂತ ಮೊದಲೇ ಕೊಲೆಗಾರನ ಮನೆ ಹುಡುಕಿಕೊಂಡು ಹೋಗಿ, ಅವನ ಪಿಸ್ತೂಲನ್ನೇ ಎಗರಿಸಿಕೊಂಡು ಬಂದು, ರೈಲು ನಿಲ್ದಾಣದ ಲಗೇಜು ಕೋಣೆಯಲ್ಲಿಟ್ಟು ಚೌಕಾಸಿ ಶುರುಮಾಡುತ್ತಾಳೆ. ಅವಳ ಗತಿ ಏನಾಗುತ್ತದೆಂದು ನೀವು ಊಹಿಸಬಲ್ಲಿರಿ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದ ನಮ್ಮಂಥವರಿಗೆ ಇಂಥ ಪಾತ್ರ ಸಿಕ್ಕರೆ ಹಬ್ಬ.

ಛಾಯಾಗ್ರಹಣ ಜಾನ್ ಆಲ್ಟನ್ನನದು. ಹಂಗೇರಿಯಲ್ಲಿ ಹುಟ್ಟಿದ ಈತ ದೀಪ ಹಚ್ಚುವುದಕ್ಕಿಂತ ಆರಿಸುವುದರಲ್ಲಿ ನಿಪುಣ. 1949ರಲ್ಲಿ ಬೆಳಕಿನ ಬಗ್ಗೆಯೇ ಒಂದು ಪುಸ್ತಕ ಬರೆದ. 1951ರ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ಚಿತ್ರದ ನೃತ್ಯಭಾಗಕ್ಕೆ ಆಸ್ಕರ್ ಪಡೆದ. ಬಣ್ಣದ ಆ ವೈಭವಕ್ಕೆ ಬಹುಮಾನ ಕೊಟ್ಟವರು ಈ ಬಡ ಚಿತ್ರದ ಕತ್ತಲನ್ನು ನೋಡಿದಂತಿಲ್ಲ. ಬಾಡಿಗೆ ಮನೆಯ ಮೆಟ್ಟಿಲ ನೆರಳು, ರಾತ್ರಿಯ ಕಡಲಂಚು ಒಂದು ತೂಕವಾದರೆ, ಪ್ರಯೋಗಶಾಲೆಯ ಶುಭ್ರ ಬೆಳಕು ಇನ್ನೊಂದು ತೂಕ. ಬಾಸ್ಟನ್, ಕೇಂಬ್ರಿಜ್, ಕೇಪ್ ಕಾಡ್‌ಗಳಿಗೇ ಹೋಗಿ ಚಿತ್ರೀಕರಿಸಿದ್ದರಿಂದ ಹಾರ್ವರ್ಡಿನ ನಿಜವಾದ ಕಟ್ಟಡಗಳೂ ಅಂದಿನ ನಿಜವಾದ ಬೀದಿಗಳೂ ಉಳಿದಿವೆ.

ಕುಂದುಗಳಿಲ್ಲವೆಂದಲ್ಲ. ಕೊನೆಯ ಓಟ-ಬೆನ್ನಟ್ಟುವಿಕೆ ಬೇರೆ ಹತ್ತು ಚಿತ್ರಗಳಲ್ಲಿ ಇರುವಂಥದ್ದೇ. ವಿವಿಯನ್ ಪಾತ್ರದ ಜಾನ್ ಸ್ಟರ್ಲಿಂಗ್ ಇನ್ನೂ ಹತ್ತು ನಿಮಿಷ ಬದುಕಿರಬೇಕಿತ್ತು ಎನಿಸುತ್ತದೆ. ಮೊರಾಲೆಸ್‌ಗೆ ನೆರವಾಗುವ ಬಾಡಿಗೆದಾರಳಾಗಿ ಬೆಟ್ಸಿ ಬ್ಲೇರ್ (ಮುಂದೆ 1955ರ ‘ಮಾರ್ಟಿ’ಯಲ್ಲಿ ಮನಸೂರೆಗೊಂಡಾಕೆ) ಬಂದು ಹೋದದ್ದೇ ಗೊತ್ತಾಗುವುದಿಲ್ಲ. ಮ್ಯಾಕಡೂ ಒಮ್ಮೊಮ್ಮೆ ಪಾಠ ಒಪ್ಪಿಸುವ ಮೇಷ್ಟರಂತೆ ಮಾತಾಡುತ್ತಾನೆ. ಇದು ನನಗೆ ದೋಷವಾಗಿ ಕಾಣಲಿಲ್ಲವೆನ್ನಿ.

ಆ ಮ್ಯಾಕಡೂ ಪಾತ್ರಧಾರಿ ಬ್ರೂಸ್ ಬೆನೆಟ್ ಯಾರೆಂದು ಹೇಳಿ ಮುಗಿಸುತ್ತೇನೆ. ಅವನ ಮೂಲ ಹೆಸರು ಹರ್ಮನ್ ಬ್ರಿಕ್ಸ್. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸಿನಲ್ಲಿ ಗುಂಡೆಸೆತದಲ್ಲಿ ಬೆಳ್ಳಿ ಗೆದ್ದವನು. 1935ರಲ್ಲಿ ಟಾರ್ಜನ್ ಆಗಿ ಮರದಿಂದ ಮರಕ್ಕೆ ಹಾರಿದವನು. ಅಂಥ ಭೀಮಕಾಯ ಇಲ್ಲಿ ಬಿಳಿಯ ಕೋಟು ತೊಟ್ಟು, ಒಂದು ಸಣ್ಣ ಪಕ್ಕೆಲುಬನ್ನು ಬೆರಳ ತುದಿಯಲ್ಲಿ ಹಿಡಿದು ನೋಡುವ ರೀತಿಯನ್ನು ಗಮನಿಸಿ. 2007ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡ. ಅದೇ ವರ್ಷ ಈ ಚಿತ್ರ ‘ಆ್ಯಕ್ಟ್ ಆಫ್ ವಯಲೆನ್ಸ್’ ಎಂಬ ಇನ್ನೊಂದು ಒಳ್ಳೆಯ ಅಪರಾಧ ಚಿತ್ರದ ಜೊತೆ ಒಂದೇ ಡಿವಿಡಿಯಲ್ಲಿ ಹೊರಬಂತು. ನಾನು ನೋಡಿದ್ದು ಅದರಲ್ಲಿಯೇ. ಹಾರ್ವರ್ಡಿನ ನ್ಯಾಯವೈದ್ಯ ವಿಭಾಗ 1967ರಲ್ಲಿ ಮುಚ್ಚಿಹೋಯಿತು. ಶ್ರೀಮತಿ ಲೀ 1962ರಲ್ಲೇ ಕಣ್ಮುಚ್ಚಿದ್ದಳು. ಆಕೆಯ ಗೊಂಬೆಮನೆಗಳಲ್ಲಿ ಹದಿನೆಂಟು ಬಾಲ್ಟಿಮೋರ್ ನಗರದ ಶವಪರೀಕ್ಷಾ ಕಚೇರಿಗೆ ಹೋದವು. ಪೊಲೀಸರು ಅವುಗಳ ಮುಂದೆ ನಿಂತು ಕಲಿಯುವುದು ಅಲ್ಲಿಯೂ ಮುಂದುವರಿಯಿತು.